ಕ್ಲೆಗ್‌ಹಾರ್ನ್, ಹ್ಯೂ ಫ್ರಾನ್ಸಿಸ್ ಕ್ಲಾರ್ಕ್

1820-1895. ಸ್ಕಾಟ್ಲೆಂಡ್ ಮೂಲದ ವೈದ್ಯ, ಸಸ್ಯಶಾಸ್ತ್ರಜ್ಞ, ಮದ್ರಾಸ್ ಪ್ರಾಂತ್ಯದ ಮೊದಲ ಅರಣ್ಯ ಸಂರಕ್ಷಣಾಧಿಕಾರಿ. ಭಾರತದಲ್ಲಿ ವೈಜ್ಞಾನಿಕ ಅರಣ್ಯಶಾಸ್ತ್ರಕ್ಕೆ ತಳಹದಿ ಹಾಕಿದವರಲ್ಲಿ ಒಬ್ಬ. ಹುಟ್ಟಿದ್ದು ಮದ್ರಾಸಿನಲ್ಲಿ, ಓದಿದ್ದು ಎಡಿನ್‌ಬರೋದಲ್ಲಿ. ಜೀವನದ ದಿಕ್ಕು ಬದಲಾದದ್ದು ಮಾತ್ರ ಮೈಸೂರು ಸೀಮೆಯ ಮಲೆನಾಡಿನಲ್ಲಿ. 1840ರ ದಶಕದಲ್ಲಿ ನಗರ ವಿಭಾಗದ ಕೇಂದ್ರವಾದ ಶಿವಮೊಗ್ಗದಲ್ಲಿ ಸರ್ಜನ್ ಆಗಿದ್ದಾಗ, ರೋಗಿಗಳನ್ನು ನೋಡುವ ಕೆಲಸದ ಜೊತೆಗೆ ಸುತ್ತಲಿನ ಗಿಡಮರಗಳನ್ನು ಗುರುತಿಸುವ, ಅವುಗಳ ಚಿತ್ರ ಬರೆಸುವ ಅಭ್ಯಾಸ ಹಿಡಿಯಿತು. ಕಾಡು ಕರಗುತ್ತಿರುವುದೂ ಅಲ್ಲಿಯೇ ಈತನ ಕಣ್ಣಿಗೆ ಬಿತ್ತು. ಮುಂದೆ ಬರೆದ ವರದಿಗಳು, ನಡೆಸಿದ ಇಲಾಖೆ, ತಂದ ಕಟ್ಟಳೆಗಳು ಇವಕ್ಕೆಲ್ಲ ಮೂಲ ಈ ಕೆಲವು ವರ್ಷಗಳ ಅನುಭವ.

ಹುಟ್ಟು, ಓದು

ಕ್ಲೆಗ್‌ಹಾರ್ನ್ 1820ರ ಆಗಸ್ಟ್ 9ರಂದು ಮದ್ರಾಸಿನಲ್ಲಿ ಹುಟ್ಟಿದ. ತಂದೆ ಅಲ್ಲಿನ ಸುಪ್ರೀಂ ಕೋರ್ಟಿನಲ್ಲಿ ಅಧಿಕಾರಿ. ಇದೇ ಹೆಸರಿನ ಅಜ್ಜ ಹ್ಯೂ ಕ್ಲೆಗ್‌ಹಾರ್ನ್ ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕನಾಗಿದ್ದವ. 1795ರಲ್ಲಿ ಡಚ್ಚರ ಸೇವೆಯಲ್ಲಿದ್ದ ಸ್ವಿಸ್ ಸೈನಿಕರ ದಳವನ್ನು ಬ್ರಿಟಿಷರ ಕಡೆಗೆ ತಿರುಗಿಸಿ, ಸಿಂಹಳ ಡಚ್ಚರ ಕೈತಪ್ಪಲು ಕಾರಣನಾದವನೆಂದು ಚರಿತ್ರೆಯಲ್ಲಿ ಅವನ ಹೆಸರಿದೆ. ಈಸ್ಟ್ ಇಂಡಿಯಾ ಕಂಪನಿ ನೌಕರರ ಮಕ್ಕಳನ್ನು ಚಿಕ್ಕಂದಿನಲ್ಲೇ ಹಡಗು ಹತ್ತಿಸುತ್ತಿದ್ದ ಕಾಲವದು. ಹ್ಯೂ ಕೂಡ ನಾಲ್ಕರ ವಯಸ್ಸಿಗೆ ಸ್ಕಾಟ್ಲೆಂಡಿನ ಫೈಫ್ ಪ್ರದೇಶದ ಸ್ಟ್ರಾವಿಥಿ ಎಂಬ ಮನೆತನದ ಜಮೀನಿಗೆ ಹೋಗಿ ಅಜ್ಜನ ಆಶ್ರಯದಲ್ಲಿ ಬೆಳೆದ.

ಎಡಿನ್‌ಬರೋದಲ್ಲಿ ಶಾಲೆ, ಸೇಂಟ್ ಆಂಡ್ರೂಸ್‌ನಲ್ಲಿ ಕಾಲೇಜು ಮುಗಿಸಿ ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಕಲಿತ. ಆ ಕಾಲದ ಹೆಸರಾಂತ ಶಸ್ತ್ರವೈದ್ಯ ಜೇಮ್ಸ್ ಸೈಮ್‌ನ ಕೈಕೆಳಗೆ ತರಬೇತಿ ಪಡೆದು 1841ರಲ್ಲಿ ಎಂ.ಡಿ. ಪದವಿ ಗಳಿಸಿದ. 1842ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸಹಾಯಕ ಸರ್ಜನ್ ಆಗಿ ಹುಟ್ಟಿದೂರಾದ ಮದ್ರಾಸಿಗೇ ಮರಳಿದ.

ವೈದ್ಯ ಮತ್ತು ಸಸ್ಯ

ವೈದ್ಯನೊಬ್ಬ ಕಾಡಿನ ಅಧಿಕಾರಿಯಾದದ್ದು ಇಂದಿನ ಓದುಗರಿಗೆ ವಿಚಿತ್ರವೆನಿಸಬಹುದು. 19ನೆಯ ಶತಮಾನದಲ್ಲಿ ಅದು ಸಹಜವಾದ ದಾರಿಯೇ ಆಗಿತ್ತು. ಔಷಧಗಳಲ್ಲಿ ಬಹುಪಾಲು ಗಿಡಮೂಲಿಕೆಗಳಿಂದಲೇ ಬರುತ್ತಿದ್ದ ಕಾರಣ ಎಡಿನ್‌ಬರೋದಂಥ ಕಡೆ ವೈದ್ಯ ವಿದ್ಯಾರ್ಥಿಗೆ ಸಸ್ಯಶಾಸ್ತ್ರ ಕಡ್ಡಾಯ ಪಾಠ. ಅಲ್ಲಿ ಆಗ ಸಸ್ಯಶಾಸ್ತ್ರ ಕಲಿಸುತ್ತಿದ್ದ ರಾಬರ್ಟ್ ಗ್ರಹಾಂ ಸ್ವತಃ ವೈದ್ಯ. ಭಾರತದ ಸಸ್ಯಸಂಪತ್ತಿನ ಮೇಲೆ ಮೊದಲಿಗೆ ದೊಡ್ಡ ಕೆಲಸ ಮಾಡಿದ ವಿಲಿಯಂ ರಾಕ್ಸ್‌ಬರೋ, ರಾಬರ್ಟ್ ವೈಟ್, ಜಾನ್ ಫೋರ್ಬ್ಸ್ ರಾಯ್ಲ್ ಎಲ್ಲರೂ ಕಂಪನಿಯ ಸರ್ಜನ್ನರೇ. ಟಿಪ್ಪು ಬಿದ್ದ ಮರುವರ್ಷ, 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಅಪ್ಪಣೆಯಂತೆ ಮೈಸೂರು, ಕೆನರಾ, ಮಲಬಾರು ಸುತ್ತಿ ಬೇಸಾಯ, ಕಾಡು, ಜನಜೀವನಗಳ ವಿವರ ಬರೆದ ಫ್ರಾನ್ಸಿಸ್ ಬುಕಾನನ್ ಕೂಡ ವೈದ್ಯ. ಮುಂಬಯಿ ಪ್ರಾಂತ್ಯದಲ್ಲಿ 1847ರಲ್ಲಿ ಅರಣ್ಯ ಸಂರಕ್ಷಣಾಧಿಕಾರಿಯಾದ ಅಲೆಕ್ಸಾಂಡರ್ ಗಿಬ್ಸನ್ ವೈದ್ಯ. ಮರಗಳಿಗೂ ಮಳೆ-ತೇವಗಳಿಗೂ ಇರುವ ಸಂಬಂಧವನ್ನು ಕುರಿತು 1849ರಲ್ಲಿ ಬರೆದ ಮದ್ರಾಸಿನ ಎಡ್ವರ್ಡ್ ಬಾಲ್ಫರ್ ಸಹ ವೈದ್ಯನೇ.

ಇದಕ್ಕೆ ಇನ್ನೊಂದು ಕಾರಣವೂ ಉಂಟು. ಸೊಳ್ಳೆಯಿಂದ ಮಲೇರಿಯ ಹರಡುತ್ತದೆಂಬುದು ರೊನಾಲ್ಡ್ ರಾಸ್ 1897ರಲ್ಲಿ ಸಿಕಂದರಾಬಾದಿನಲ್ಲಿ ನಡೆಸಿದ ಶೋಧನೆಯ ಮೊದಲು ಗೊತ್ತಿರಲಿಲ್ಲ. ಕೊಳೆತ ಎಲೆ, ನಿಂತ ನೀರು, ದಟ್ಟ ಕಾಡಿನ ಕೆಟ್ಟ ಗಾಳಿ ಇವೇ ಜ್ವರಕ್ಕೆ ಮೂಲವೆಂದು ವೈದ್ಯರು ನಂಬಿದ್ದರು. ಹಾಗಾಗಿ ಜ್ವರಕ್ಕೆ ಮದ್ದು ಕೊಡುವವನು ನೆಲ, ನೀರು, ಗಾಳಿ, ಗಿಡ ಎಲ್ಲವನ್ನೂ ಗಮನಿಸಬೇಕಿತ್ತು. ಈ ನಂಬಿಕೆಯನ್ನೇ ಮುಂದಕ್ಕೆ ಎಳೆದರೆ ಊರ ಹತ್ತಿರದ ಕಾಡು ಕಡಿಯುವುದು ಆರೋಗ್ಯಕ್ಕೆ ಒಳ್ಳೆಯದೆಂಬ ತೀರ್ಮಾನಕ್ಕೆ ಬರಬೇಕಾಗುತ್ತದೆ. ಅಂಥ ಕಾಲದಲ್ಲಿ ವೈದ್ಯರ ನಡುವಿನಿಂದಲೇ ಕಾಡು ಉಳಿಯಬೇಕೆಂಬ ವಾದ ಹುಟ್ಟಿದ್ದು ಗಮನಿಸಬೇಕಾದ ಸಂಗತಿ.

ನಗರ ವಿಭಾಗದಲ್ಲಿ

ಮದ್ರಾಸಿನಲ್ಲಿ ಕೆಲಕಾಲ ಕೆಲಸ ಮಾಡಿದ ಮೇಲೆ ಕ್ಲೆಗ್‌ಹಾರ್ನ್ ಮೈಸೂರು ಕಮಿಷನ್ನಿನ ಸೇವೆಗೆ ಬಂದ. 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತವನ್ನು ಬ್ರಿಟಿಷರು ವಹಿಸಿಕೊಂಡಿದ್ದರು. 1834ರಿಂದ 1861ರವರೆಗೆ ಕಮಿಷನರ್ ಆಗಿದ್ದವ ಮಾರ್ಕ್ ಕಬ್ಬನ್. ಸೀಮೆಯನ್ನು ವಿಭಾಗಗಳಾಗಿ ಹಂಚಿದ್ದರು. ಅವುಗಳಲ್ಲಿ ನಗರ ವಿಭಾಗ ಮಲೆನಾಡಿನದು. ಮುಂದೆ 1863ರಲ್ಲಿ ಕಡೂರು ಜಿಲ್ಲೆ ರೂಪುಗೊಂಡಾಗಲೂ ಅದು ಈ ವಿಭಾಗದೊಳಗೇ ಇತ್ತು. ಇಂದಿನ ಚಿಕ್ಕಮಗಳೂರು ಜಿಲ್ಲೆ ಆ ಕಡೂರು ಜಿಲ್ಲೆಯ ಮುಂದುವರಿಕೆ.

ಸುಮಾರು 1845ರಿಂದ 1847ರವರೆಗೆ ಕ್ಲೆಗ್‌ಹಾರ್ನ್ ಶಿವಮೊಗ್ಗದಲ್ಲಿದ್ದ. ಈ ಊರು ನಿಂತಿರುವ ಜಾಗವನ್ನು ನೆನೆದರೆ ಆತನ ಆಲೋಚನೆಯ ದಾರಿ ತಿಳಿಯುತ್ತದೆ. ತುಂಗೆ, ಭದ್ರೆ ಎರಡೂ ಪಶ್ಚಿಮ ಘಟ್ಟದ ವರಾಹ ಪರ್ವತದ ಗಂಗಾಮೂಲದಲ್ಲಿ ಹುಟ್ಟುತ್ತವೆ. ತುಂಗೆ ಶೃಂಗೇರಿ, ತೀರ್ಥಹಳ್ಳಿ ದಾಟಿ ಶಿವಮೊಗ್ಗಕ್ಕೆ ಬರುತ್ತಾಳೆ. ಭದ್ರೆ ಕುದುರೆಮುಖದ ತಪ್ಪಲು, ಕಳಸ, ಬಾಳೆಹೊನ್ನೂರುಗಳನ್ನು ಬಳಸಿಕೊಂಡು ಇಳಿದು ಶಿವಮೊಗ್ಗದ ಹತ್ತಿರದ ಕೂಡಲಿಯಲ್ಲಿ ತುಂಗೆಯನ್ನು ಸೇರುತ್ತಾಳೆ. ಮೇಲಿನ ಕಣಿವೆಗಳಲ್ಲಿ ಮರ ಬಿದ್ದರೆ ಅದರ ಗುರುತು ಕೆಳಗಿನ ಹೊಳೆಯಲ್ಲಿ ಕಾಣುತ್ತದೆ. ಹೊಳೆಯ ಕೆಳಗಣ ದಂಡೆಯಲ್ಲಿ ಕುಳಿತವನಿಗೆ ಇಡೀ ಬೆಟ್ಟಸಾಲು ಒಂದೇ ಮೈಯಂತೆ ತೋರುವುದು ಅಸಹಜವಲ್ಲ.

ಲಂಡನ್ ಬಳಿಯ ಕ್ಯೂ ಉದ್ಯಾನದ ನಿರ್ದೇಶಕ ವಿಲಿಯಂ ಜಾಕ್ಸನ್ ಹೂಕರ್‌ನಿಂದ ಬಂದ ಒಂದು ಸಲಹೆಯನ್ನು ಕ್ಲೆಗ್‌ಹಾರ್ನ್ ಶಿವಮೊಗ್ಗದಲ್ಲಿ ಪಾಲಿಸಿದ: ದಿನಕ್ಕೊಂದು ಗಿಡವನ್ನು ಸ್ವಲ್ಪ ಹೊತ್ತು ಗಮನವಿಟ್ಟು ನೋಡುವುದು. ಭಾರತೀಯ ಚಿತ್ರಕಾರರಿಂದ ಆ ಗಿಡಗಳ ಬಣ್ಣದ ಚಿತ್ರ ಬರೆಸುವ ಕೆಲಸವೂ ಜೊತೆಗೆ ನಡೆಯಿತು. 1845ರಿಂದ 1860ರವರೆಗೆ ಹೀಗೆ ಕೂಡಿದ ದೊಡ್ಡ ಚಿತ್ರಸಂಗ್ರಹ ಈಗ ಎಡಿನ್‌ಬರೋದ ರಾಯಲ್ ಬೊಟಾನಿಕ್ ಗಾರ್ಡನ್ನಿನಲ್ಲಿದೆ. ಮದ್ರಾಸಿನ ಕಾಲದ ಚಿತ್ರಕಾರರಲ್ಲಿ ಗೋವಿಂದು ಎಂಬುವನ ಹೆಸರು ಉಳಿದಿದೆ. ರಾಬರ್ಟ್ ವೈಟ್‌ಗೂ ಚಿತ್ರ ಬರೆದುಕೊಟ್ಟಿದ್ದ ಈ ಗೋವಿಂದುವಿನ ಹೆಸರನ್ನು ವೈಟ್ ಒಂದು ಸೀತಾಳೆ ಜಾತಿಗೆ ಇಟ್ಟಿದ್ದ.

ಕಾಫಿ ಸೀಮೆಯ ಅಂದಿನ ಸ್ಥಿತಿ

ಕ್ಲೆಗ್‌ಹಾರ್ನ್ ಮಲೆನಾಡಿಗೆ ಬಂದ ಹೊತ್ತಿಗೆ ಕಾಫಿ ಇಲ್ಲಿ ಹೊಸತಲ್ಲ, ದೊಡ್ಡ ತೋಟಗಳು ಹೊಸತು. 17ನೆಯ ಶತಮಾನದಲ್ಲಿ ಬಾಬಾಬುಡನ್ ಎಂಬ ಸಂತ ಮೆಕ್ಕಾ ಯಾತ್ರೆಯಿಂದ ಮರಳುವಾಗ ಏಳು ಕಾಫಿ ಬೀಜ ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದನೆಂಬುದು ಐತಿಹ್ಯ. ಬಹುಕಾಲ ಅದು ಹಿತ್ತಿಲ ಬೆಳೆ. ಮನೆಯ ಹಿಂದೆ, ಅಡಕೆ ತೋಟದ ಅಂಚಿನಲ್ಲಿ, ದೊಡ್ಡ ಮರಗಳ ನೆರಳಲ್ಲಿ ನಾಲ್ಕಾರು ಗಿಡ. 1830ರ ಸುಮಾರಿಗೆ ಥಾಮಸ್ ಕ್ಯಾನನ್ ಚಿಕ್ಕಮಗಳೂರಿನ ಬಳಿ ತೋಟ ಮಾಡಿದ ಮೇಲೆ ಯುರೋಪಿಯನ್ನರ ಎಸ್ಟೇಟುಗಳ ಯುಗ ಮೊದಲಾಯಿತು. 1843ರಲ್ಲಿ ಮಂಜರಾಬಾದಿನಲ್ಲಿ ಗ್ರೀನ್ ಎಂಬಾತ ತೋಟ ತೆರೆದ. ಅದಕ್ಕೆ ಹೊಂದಿಕೊಂಡ ಮೂಡಿಗೆರೆ ಸೀಮೆಗೂ ಕಾಫಿ ಹಬ್ಬಿತು. ಕಾಫಿಯ ಮೇಲೆ ಸರ್ಕಾರ ಭೂಮಿಯ ಲೆಕ್ಕದಲ್ಲಿ ಕಂದಾಯ ಹಾಕದೆ, ಬೆಳೆದ ಕಾಫಿಯ ತೂಕಕ್ಕೆ ಹಾಲತ್ ಎಂಬ ಸುಂಕ ವಸೂಲು ಮಾಡುತ್ತಿತ್ತು. ಹಿಡಿದ ಕಾಡಿಗೆ ಬಾಡಿಗೆ ತೆರಬೇಕಾಗಿಲ್ಲದ ಈ ಪದ್ಧತಿಯಲ್ಲಿ ಹೆಚ್ಚು ಹೆಚ್ಚು ಬೆಟ್ಟ ಹಿಡಿಯಲು ತಡೆಯಿರಲಿಲ್ಲ.

ಮಲೆನಾಡಿನ ಕಾಡು ಆಗಲೂ ಒಂದೇ ಬಗೆಯದಾಗಿರಲಿಲ್ಲ, ಯಾರೂ ಮುಟ್ಟದ್ದೂ ಆಗಿರಲಿಲ್ಲ. ಮೆಣಸಿನ ಬಳ್ಳಿ ಹಬ್ಬಿಸಿಕೊಂಡ ಕಾನು, ಅಡಕೆ ತೋಟಕ್ಕೆ ಸೊಪ್ಪು ಕೊಡುವ ಸೊಪ್ಪಿನಬೆಟ್ಟ, ದನ ಮೇಯುವ ಹಕ್ಕಲು, ದೇವರ ಹೆಸರಿನಲ್ಲಿ ಕೊಡಲಿ ಬೀಳದೆ ಉಳಿದ ದೇವರಕಾಡು ಇವೆಲ್ಲವಕ್ಕೂ ಬೇರೆ ಬೇರೆ ಹೆಸರು, ಬೇರೆ ಬೇರೆ ಹಕ್ಕು ಇದ್ದವು. ಹೊರಗಿನಿಂದ ಬಂದ ಅಧಿಕಾರಿಗಳ ಕಡತದಲ್ಲಿ ಇವೆಲ್ಲ ಕ್ರಮೇಣ ಸರ್ಕಾರಿ ಕಾಡು ಎಂಬ ಒಂದೇ ಪದದಡಿ ಬಂದವು.

ಈ ಸೀಮೆಯ ಇನ್ನೊಂದು ಹೆಸರೇ ಜ್ವರ. ಮುಂಗಾರಿನ ಮುಂಚೆ ಮತ್ತು ಮಳೆ ಹೊರಟ ಮೇಲೆ ಬರುವ ಚಳಿಜ್ವರ, ಅದರಿಂದ ಹೊಟ್ಟೆಯ ಎಡಕ್ಕೆ ಉಬ್ಬುವ ಜ್ವರಗಡ್ಡೆ ಮಲೆನಾಡಿನವರ ನಿತ್ಯದ ಮಾತಾಗಿತ್ತು. ಬಯಲುಸೀಮೆಯವರು ಇಲ್ಲಿಗೆ ಹೆಣ್ಣು ಕೊಡಲು ಹೆದರುತ್ತಿದ್ದರು. ಜ್ವರದ ಮದ್ದಾದ ಕ್ವಿನೈನು ಕೊಡುವ ಸಿಂಕೋನಾ ಗಿಡ ದಕ್ಷಿಣ ಅಮೆರಿಕದಿಂದ ಕ್ಲೆಮೆಂಟ್ಸ್ ಮಾರ್ಕಂನ ಯತ್ನದಿಂದ ನೀಲಗಿರಿಗೆ ಬಂದದ್ದು 1860ರ ಸುಮಾರಿಗೆ. ಅದಕ್ಕೂ ಮೊದಲು ಕ್ವಿನೈನು ದುಬಾರಿಯ ಆಮದು ಸರಕು. ಕ್ಲೆಗ್‌ಹಾರ್ನ್ ಕೂಡ ಈ ಸೀಮೆಯಿಂದ ಹೊರಟದ್ದು ಆರೋಗ್ಯ ಕೆಟ್ಟು. 1848ರಲ್ಲಿ ರಜೆಯ ಮೇಲೆ ಬ್ರಿಟನ್ನಿಗೆ ಹೋದ.

ಕುಮರಿ

ಶಿವಮೊಗ್ಗದಲ್ಲಿದ್ದಾಗ ಕ್ಲೆಗ್‌ಹಾರ್ನ್ ಎತ್ತಿದ ದೊಡ್ಡ ತಕರಾರು ಕುಮರಿ ಬೇಸಾಯದ ಮೇಲೆ. ಬೇಸಿಗೆಗೆ ಮುಂಚೆ ಬೆಟ್ಟದ ಇಳಿಜಾರಿನ ಮರಗಳನ್ನು ಕಡಿದು, ಒಣಗಿಸಿ, ಮಳೆ ಹತ್ತಿರವಾದಾಗ ಬೆಂಕಿ ಕೊಟ್ಟು, ಬೂದಿ ಹರಡಿದ ನೆಲದಲ್ಲಿ ರಾಗಿ, ಹರಳು, ತೊಗರಿ ಬಿತ್ತುವುದು ಕುಮರಿ. ಒಂದೆರಡು ಬೆಳೆ ತೆಗೆದ ಮೇಲೆ ಆ ಜಾಗ ಬಿಟ್ಟು ಇನ್ನೊಂದಕ್ಕೆ ಹೋಗಬೇಕು. ಹಲವು ವರ್ಷ ಕಳೆದು ಕಾಡು ಮತ್ತೆ ಬೆಳೆದಾಗ ಮೊದಲಿನ ಜಾಗಕ್ಕೆ ಮರಳಬೇಕು. ಘಟ್ಟದ ಮೇಲೂ ಕೆಳಗೂ ಕುಡುಬಿಯರು, ಕುಣಬಿಯರು, ಮಲೆಕುಡಿಯರಂಥ ಸಮುದಾಯಗಳಿಗೆ ಇದು ಬದುಕಿನ ದಾರಿ. ಉಳುವ ಗದ್ದೆ ಇಲ್ಲದವರಿಗೆ ಅನ್ನ ಕೊಟ್ಟದ್ದು ಇದೇ.

ಕ್ಲೆಗ್‌ಹಾರ್ನ್ ಕಣ್ಣಿಗೆ ಮಾತ್ರ ಇದು ಬೆಲೆಬಾಳುವ ಮರವನ್ನು ಸುಟ್ಟು ಒಂದು ಹಿಡಿ ರಾಗಿ ಪಡೆಯುವ ವ್ಯಾಪಾರವಾಗಿ ಕಂಡಿತು. ಈ ವಿಷಯವನ್ನು ಕಬ್ಬನ್ನನ ಸರ್ಕಾರದ ಮುಂದಿಟ್ಟ. ಮುಂದೆ ಮದ್ರಾಸ್ ಪ್ರಾಂತ್ಯದ ಅರಣ್ಯಾಧಿಕಾರಿಯಾದ ಮೇಲೂ ಇದೇ ವಾದವನ್ನು ಮುಂದುವರಿಸಿದ. ಅದರ ಫಲವಾಗಿ 1860ರಲ್ಲಿ ಮದ್ರಾಸ್ ಸರ್ಕಾರ ತನ್ನ ಕಾಡುಗಳಲ್ಲಿ ಅಪ್ಪಣೆಯಿಲ್ಲದೆ ಕುಮರಿ ಮಾಡುವುದನ್ನು ತಡೆಯಿತು. ಆಗ ಕೆನರಾ ಜಿಲ್ಲೆ ಮದ್ರಾಸಿಗೆ ಸೇರಿದ್ದರಿಂದ ಇಂದಿನ ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡು, ಉತ್ತರ ಕನ್ನಡಗಳ ಕಾಡು ಮೇಡುಗಳ ಮೇಲೂ ಈ ಆಜ್ಞೆಯ ಭಾರ ಬಿತ್ತು.

ಬ್ರಿಟನ್ನಿನಲ್ಲಿ, 1848-1851

ರಜೆಯ ಮೇಲೆ ಹೋದ ಕ್ಲೆಗ್‌ಹಾರ್ನ್ ಸುಮ್ಮನೆ ಕೂರಲಿಲ್ಲ. ಭಾರತದ ಬೇಲಿ ಗಿಡಗಳ ಕುರಿತು 1850ರಲ್ಲಿ ಒಂದು ಲೇಖನ ಪ್ರಕಟಿಸಿದ. ಮೈಸೂರು ಸೀಮೆಯ ಹಳ್ಳಿಗಳ ಸುತ್ತ ಕಳ್ಳಿ, ಕತ್ತಾಳೆಯ ಬೇಲಿಗಳನ್ನು ನೋಡಿದ್ದ ವೈದ್ಯನಿಗೆ ಇದು ತಿಳಿದ ವಿಷಯ. 1851ರ ಲಂಡನ್ ಮಹಾ ಪ್ರದರ್ಶನಕ್ಕಾಗಿ ಭಾರತದ ಕಚ್ಚಾ ಪದಾರ್ಥಗಳ ಪಟ್ಟಿ ಮಾಡುವ ಕೆಲಸದಲ್ಲಿ ರಾಯ್ಲ್‌ಗೆ ನೆರವಾದ.

ಇದಕ್ಕಿಂತ ಮುಖ್ಯವಾದದ್ದು ಬ್ರಿಟಿಷ್ ಅಸೋಸಿಯೇಷನ್ ಎಂಬ ವಿಜ್ಞಾನ ಸಂಘದ ಕೆಲಸ. ಉಷ್ಣವಲಯದ ಕಾಡು ನಾಶವಾದರೆ ಆರ್ಥಿಕವಾಗಿ ಮತ್ತು ಭೌತಿಕವಾಗಿ ಏನಾಗುತ್ತದೆ ಎಂದು ಪರಿಶೀಲಿಸಲು 1850ರಲ್ಲಿ ಎಡಿನ್‌ಬರೋ ಅಧಿವೇಶನ ಒಂದು ಸಮಿತಿ ನೇಮಿಸಿತು. ಕ್ಲೆಗ್‌ಹಾರ್ನ್, ರಾಯ್ಲ್, ಬೇರ್ಡ್ ಸ್ಮಿತ್, ರಿಚರ್ಡ್ ಸ್ಟ್ರಾಚಿ ಇದರ ಸದಸ್ಯರು. ಮುಂದಿನ ವರ್ಷ ಇಪ್ಸ್‌ವಿಚ್ ಅಧಿವೇಶನದಲ್ಲಿ ವರದಿ ಮಂಡನೆಯಾಯಿತು. ಕಾಡಿಗೂ ಹವೆಗೂ ನೀರಿಗೂ ಇರುವ ಸಂಬಂಧದ ಬಗ್ಗೆ ಸಿಕ್ಕ ಸಾಕ್ಷ್ಯಗಳನ್ನು ಒಂದೆಡೆ ಕೂಡಿಸಿದ, ಬೇಕಾಬಿಟ್ಟಿ ಮರ ಕಡಿಯುವುದನ್ನು ಸರ್ಕಾರ ತಡೆಯಬೇಕೆಂದು ವಾದಿಸಿದ ಈ ಬರಹ ಮುಂದಿನ ಅರಣ್ಯ ನೀತಿಗೆ ಆಧಾರವಾಯಿತು. ಮಲೆನಾಡಿನಲ್ಲಿ ಕಂಡದ್ದನ್ನು ಲೋಕದ ವಿಜ್ಞಾನಿಗಳೆದುರು ಇಡಲು ಕ್ಲೆಗ್‌ಹಾರ್ನ್‌ಗೆ ದೊರೆತ ವೇದಿಕೆ ಇದು.

ಮದ್ರಾಸ್ ಮತ್ತು ಲಾಲ್‌ಬಾಗ್

ಭಾರತಕ್ಕೆ ಮರಳಿದ ಮೇಲೆ ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಮತ್ತು ಔಷಧದ್ರವ್ಯ ಶಾಸ್ತ್ರದ ಪ್ರಾಧ್ಯಾಪಕನಾದ. ಅಲ್ಲಿನ ಕೃಷಿ-ತೋಟಗಾರಿಕೆ ಸಂಘದ ಕಾರ್ಯದರ್ಶಿಯಾಗಿ, ಸಂಘದ ತೋಟದ ಗಿಡಗಳ ಪಟ್ಟಿಯನ್ನು 1853ರಲ್ಲಿ ಪುಸ್ತಕವಾಗಿ ಹೊರತಂದ. ಮದ್ರಾಸಿನ ಕಡಲದಂಡೆಯ ಮರಳನ್ನು ಹಿಡಿದಿಡುವ ಗಿಡಗಳ ಬಗೆಗೂ ಬರೆದ. ಬೇಲಿ ಗಿಡ, ಮರಳು ಹಿಡಿಯುವ ಗಿಡ, ಮದ್ದಿನ ಗಿಡ: ಈತ ಆರಿಸಿಕೊಂಡ ವಿಷಯಗಳಲ್ಲೆಲ್ಲ ಗಿಡ ಏನು ಕೆಲಸ ಮಾಡುತ್ತದೆ ಎಂಬ ಪ್ರಶ್ನೆ ಮುಂದಿದೆ.

ಬೆಂಗಳೂರಿನ ಲಾಲ್‌ಬಾಗಿನ ಚರಿತ್ರೆಯಲ್ಲೂ ಈತನ ಹೆಸರು ಬರುತ್ತದೆ. ಹೈದರ್ ಮತ್ತು ಟಿಪ್ಪುವಿನ ಕಾಲದ ಈ ತೋಟ ಹಲವು ಕೈ ದಾಟಿ ಬಂದಿತ್ತು. ಅದನ್ನು ಏನು ಮಾಡಬೇಕೆಂದು ಕಬ್ಬನ್ ಸರ್ಕಾರ ಕೇಳಿದಾಗ, ಅದನ್ನು ಲಾಭದ ತೋಟವಾಗಿಸದೆ ದೇಶದ ಗಿಡಗಳನ್ನು ಬೆಳೆಸಿ, ಇಲ್ಲಿನ ಬೇಸಾಯಗಾರರಿಗೆ ಉಪಯೋಗವಾಗುವಂತೆ ನಡೆಸಬೇಕೆಂದು ಕ್ಲೆಗ್‌ಹಾರ್ನ್ ಸಲಹೆಯಿತ್ತ. 1856ರಲ್ಲಿ ಲಾಲ್‌ಬಾಗ್ ಸರ್ಕಾರಿ ಸಸ್ಯೋದ್ಯಾನವಾಯಿತು. 1858ರಲ್ಲಿ ಕ್ಯೂ ಉದ್ಯಾನದಿಂದ ವಿಲಿಯಂ ನ್ಯೂ ಬಂದು ಅದರ ಹೊಣೆ ಹೊತ್ತ.

ಅರಣ್ಯ ಸಂರಕ್ಷಣಾಧಿಕಾರಿ

1855ರಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿ ಕಾಡಿನ ಮೇಲೆ ಸರ್ಕಾರದ ಹಕ್ಕನ್ನು ಸ್ಪಷ್ಟಪಡಿಸುವ ನೀತಿ ಪ್ರಕಟಿಸಿದ. ಮರುವರ್ಷ ಮದ್ರಾಸ್ ಪ್ರಾಂತ್ಯ ಕ್ಲೆಗ್‌ಹಾರ್ನ್‌ನನ್ನು ಅರಣ್ಯ ಸಂರಕ್ಷಣಾಧಿಕಾರಿಯಾಗಿ ನೇಮಿಸಿತು. ನೇಮಕದ ಹಿಂದಿನ ಒತ್ತಾಯ ರೈಲಿನದು. 1856ರ ಜುಲೈ 1ರಂದು ಮದ್ರಾಸಿನ ರಾಯಪುರದಿಂದ ದಕ್ಷಿಣ ಭಾರತದ ಮೊದಲ ಪ್ರಯಾಣಿಕ ರೈಲು ಹೊರಟಿತ್ತು. ಹಳಿಯಡಿಗೆ ಹಾಸುವ ಸ್ಲೀಪರುಗಳಿಗೂ ಉಗಿಬಂಡಿಯ ಒಲೆಗೂ ಮರ ಬೇಕು. ಹಡಗು ಕಟ್ಟಲು ಸಾಗವಾನಿ ಬೇಕು. ಕಾಡು ಕಾಯುವ ಇಲಾಖೆ ಹುಟ್ಟಿದ್ದು ಮರ ಬೇಕೆಂಬ ಹಸಿವಿನಿಂದ ಎಂಬುದನ್ನು ಮರೆಯುವಂತಿಲ್ಲ.

ಕ್ಲೆಗ್‌ಹಾರ್ನ್ ಕುದುರೆಯ ಮೇಲೂ ಕಾಲ್ನಡೆಯಲ್ಲೂ ಪ್ರಾಂತ್ಯ ಸುತ್ತಿದ. ಉತ್ತರ ಕೆನರಾದ ಸಾಗವಾನಿ ಕಾಡು, ಮಲಬಾರಿನ ನಿಲಂಬೂರಿನಲ್ಲಿ ಕಲೆಕ್ಟರ್ ಕನೊಲಿ ಮತ್ತು ಚಾತು ಮೆನನ್ ಬೆಳೆಸಿದ್ದ ಸಾಗವಾನಿ ತೋಟ, ನೀಲಗಿರಿ, 1858ರಲ್ಲಿ ಆನೆಮಲೆಯ ಎತ್ತರದ ಸಾಲುಗಳು ಇವೆಲ್ಲ ಈತನ ವರದಿಗಳಲ್ಲಿವೆ. ಈ ವರದಿಗಳನ್ನು ಕೂಡಿಸಿ ದಕ್ಷಿಣ ಭಾರತದ ಕಾಡು ಮತ್ತು ಉದ್ಯಾನಗಳನ್ನು ಕುರಿತ ಪುಸ್ತಕವನ್ನು 1861ರಲ್ಲಿ ಪ್ರಕಟಿಸಿದ. ಕಾಫಿಗಾಗಿ ಘಟ್ಟದ ನೆತ್ತಿಯ ಕಾಡು ಬೋಳಾಗುವುದು ಈತನಿಗೆ ಆತಂಕದ ವಿಷಯವಾಗಿತ್ತು. ಆದರೂ ಕುಮರಿಯವರ ಕೊಡಲಿಗೆ ಬಿದ್ದ ತಡೆ ಪ್ಲಾಂಟರುಗಳ ಕೊಡಲಿಗೆ ಅಷ್ಟೇ ಬಿಗಿಯಾಗಿ ಬೀಳಲಿಲ್ಲ. ಕಾಫಿ ಸರ್ಕಾರಕ್ಕೆ ಸುಂಕ ತರುವ ಬೆಳೆ. ಕುಮರಿಯ ರಾಗಿ ಕಾಡಿನವರ ಹೊಟ್ಟೆಗೆ ಮಾತ್ರ ಹೋಗುತ್ತಿತ್ತು.

ಈತನ ಸಹಾಯಕನಾಗಿ 1857ರಲ್ಲಿ ಬಂದ ಸೈನ್ಯಾಧಿಕಾರಿ ರಿಚರ್ಡ್ ಹೆನ್ರಿ ಬೆಡ್ಡೋಮ್ ಮುಂದೆ ಅದೇ ಹುದ್ದೆಗೇರಿ, ದಕ್ಷಿಣ ಭಾರತದ ಮರಗಳು ಮತ್ತು ಜರಿಗಿಡಗಳ ಮೇಲೆ ಪ್ರಮಾಣಗ್ರಂಥಗಳನ್ನು ಬರೆದ.

ಪಂಜಾಬಿನಿಂದ ಸ್ಟ್ರಾವಿಥಿಗೆ

1861ರಲ್ಲಿ ಮತ್ತೆ ಸ್ವದೇಶಕ್ಕೆ ಹೋಗಿ ಮದುವೆಯಾಗಿ ಬಂದ ಕ್ಲೆಗ್‌ಹಾರ್ನ್‌ನನ್ನು ಸರ್ಕಾರ ಪಂಜಾಬ್ ಮತ್ತು ಪಶ್ಚಿಮ ಹಿಮಾಲಯದ ಕಾಡುಗಳ ಪರಿಶೀಲನೆಗೆ ಕಳಿಸಿತು. ಆ ವರದಿ 1864ರಲ್ಲಿ ಹೊರಬಂತು. ಅದೇ ವರ್ಷ ಸಾಮ್ರಾಜ್ಯದ ಅರಣ್ಯ ಇಲಾಖೆ ಸ್ಥಾಪನೆಯಾಗಿ ಜರ್ಮನ್ ಅರಣ್ಯತಜ್ಞ ಡೀಟ್ರಿಚ್ ಬ್ರಾಂಡಿಸ್ ಇನ್ಸ್‌ಪೆಕ್ಟರ್ ಜನರಲ್ ಆದ. ಮೈಸೂರು ಸೀಮೆಯ ಅರಣ್ಯ ಇಲಾಖೆ ಆರಂಭವಾದದ್ದೂ 1864ರಲ್ಲೇ. ಬ್ರಾಂಡಿಸ್ ಜೊತೆ ಕೆಲಸ ಮಾಡಿದ ಕ್ಲೆಗ್‌ಹಾರ್ನ್ ಆ ಹುದ್ದೆಯನ್ನು ಹಂಗಾಮಿಯಾಗಿಯೂ ನಿರ್ವಹಿಸಿದ.

1868ರಲ್ಲಿ ಸ್ಕಾಟ್ಲೆಂಡಿಗೆ ಮರಳಿ ಸ್ಟ್ರಾವಿಥಿಯಲ್ಲಿ ನೆಲೆಸಿದ. ಭಾರತಕ್ಕೆ ಹೋಗುವ ಅರಣ್ಯಾಧಿಕಾರಿಗಳ ತರಬೇತಿಯ ಬಗ್ಗೆ ಇಂಡಿಯಾ ಆಫೀಸಿಗೆ ಸಲಹೆ ಕೊಡುತ್ತಿದ್ದ. 1884ರಲ್ಲಿ ಎಡಿನ್‌ಬರೋದಲ್ಲಿ ನಡೆದ ಅಂತರರಾಷ್ಟ್ರೀಯ ಅರಣ್ಯ ಪ್ರದರ್ಶನದಲ್ಲಿ ತೊಡಗಿಕೊಂಡ. ಎಡಿನ್‌ಬರೋದಲ್ಲಿ ಅರಣ್ಯಶಾಸ್ತ್ರದ, ಸೇಂಟ್ ಆಂಡ್ರೂಸ್‌ನಲ್ಲಿ ಸಸ್ಯಶಾಸ್ತ್ರದ ಬೋಧನೆ ನೆಲೆಗೊಳ್ಳಲು ನೆರವಾದ. 1895ರ ಮೇ 16ರಂದು ಸ್ಟ್ರಾವಿಥಿಯಲ್ಲಿ ತೀರಿಕೊಂಡ. ಕಣಗಿಲೆ, ನಂದಿಬಟ್ಟಲುಗಳ ಕುಟುಂಬಕ್ಕೆ ಸೇರಿದ ಒಂದು ಬಳ್ಳಿಗಿಡದ ಕುಲಕ್ಕೆ ರಾಬರ್ಟ್ ವೈಟ್ ಈತನ ಗೌರವಾರ್ಥ ಕ್ಲೆಗ್‌ಹಾರ್ನಿಯಾ ಎಂದು ಹೆಸರಿಟ್ಟಿದ್ದಾನೆ.

ಅಮೆರಿಕದ ಸಮಕಾಲೀನ

ಇದೇ ಕಾಲದಲ್ಲಿ ಅಮೆರಿಕದಲ್ಲೂ ವೈದ್ಯನೊಬ್ಬ ಇದೇ ದಾರಿ ಹಿಡಿದಿದ್ದ. ಫ್ರಾಂಕ್ಲಿನ್ ಬೆಂಜಮಿನ್ ಹಫ್ (1822-1885) ನ್ಯೂಯಾರ್ಕ್ ರಾಜ್ಯದ ಮಾರ್ಟಿನ್ಸ್‌ಬರ್ಗ್‌ನಲ್ಲಿ ಹುಟ್ಟಿ, 1848ರಲ್ಲಿ ಕ್ಲೀವ್‌ಲೆಂಡ್ ಮೆಡಿಕಲ್ ಕಾಲೇಜಿನಿಂದ ವೈದ್ಯನಾದವ. ಅಂತರ್ಯುದ್ಧದಲ್ಲಿ ಸೈನ್ಯದ ಸರ್ಜನ್ ಆಗಿ ದುಡಿದ. ಕ್ಲೆಗ್‌ಹಾರ್ನ್‌ನ ಕಣ್ಣು ತೆರೆಸಿದ್ದು ಮಲೆನಾಡಿನ ಬೆಟ್ಟವಾದರೆ ಹಫ್‌ನ ಕಣ್ಣು ತೆರೆಸಿದ್ದು ಅಂಕಿಗಳು. ನ್ಯೂಯಾರ್ಕ್ ರಾಜ್ಯದ 1855 ಮತ್ತು 1865ರ ಜನಗಣತಿ ನಡೆಸಿದ ಆತ ಎರಡೂ ಲೆಕ್ಕ ಹೋಲಿಸಿದಾಗ ಮರದ ಹುಟ್ಟುವಳಿ ಕುಸಿದದ್ದನ್ನು ಕಂಡ. 1873ರಲ್ಲಿ ಅಮೆರಿಕದ ವಿಜ್ಞಾನ ಸಂಘದ ಪೋರ್ಟ್‌ಲೆಂಡ್ ಅಧಿವೇಶನದಲ್ಲಿ ಕಾಡು ಉಳಿಸುವುದು ಸರ್ಕಾರದ ಕರ್ತವ್ಯವೆಂದು ಪ್ರಬಂಧ ಓದಿದ. 1876ರಲ್ಲಿ ಅಲ್ಲಿನ ಕಾಂಗ್ರೆಸ್ 2,000 ಡಾಲರ್ ಮಂಜೂರು ಮಾಡಿತು, ಕಾಡಿನ ಸ್ಥಿತಿಗತಿ ಅಧ್ಯಯನಕ್ಕೆ ಹಫ್‌ನ ನೇಮಕವಾಯಿತು. 1881ರಲ್ಲಿ ಅಮೆರಿಕದ ಅರಣ್ಯ ವಿಭಾಗಕ್ಕೆ ಮೊದಲ ಮುಖ್ಯಸ್ಥನಾದ.

ಎರಡು ದೇಶಗಳ ನಡುವೆ ವಿಚಾರಗಳ ಓಡಾಟವೂ ಇತ್ತು. ಮನುಷ್ಯ ಕಾಡು ಕಡಿದು ನೆಲ-ಹವೆಗಳನ್ನು ಹೇಗೆ ಬದಲಿಸಿದ್ದಾನೆಂದು ಅಮೆರಿಕದ ರಾಜತಾಂತ್ರಿಕ ಜಾರ್ಜ್ ಪರ್ಕಿನ್ಸ್ ಮಾರ್ಷ್ 1864ರಲ್ಲಿ ಬರೆದ ಗ್ರಂಥವನ್ನು ಕ್ಲೆಗ್‌ಹಾರ್ನ್ ಹಿಮಾಲಯದ ಪ್ರವಾಸದಲ್ಲಿ ಜೊತೆಗೆ ಹೊತ್ತೊಯ್ದಿದ್ದ. ಹಾಗೆಂದು ಆತನೇ ಮಾರ್ಷ್‌ಗೆ ಪತ್ರ ಬರೆದು ತಿಳಿಸಿದ. ಹಫ್ ಮಾತನಾಡಿದ್ದು ಮತ ಹಾಕುವ ಪ್ರಜೆಗಳ ಸರ್ಕಾರದ ಮುಂದೆ. ಹಾಗಾಗಿ ಅವನಿಗೆ ಮೊದಲು ಜನರನ್ನು ಒಪ್ಪಿಸಬೇಕಿತ್ತು. ಕ್ಲೆಗ್‌ಹಾರ್ನ್ ಸಲಹೆ ಕೊಟ್ಟದ್ದು ವಸಾಹತು ಸರ್ಕಾರಕ್ಕೆ. ಅಲ್ಲಿ ಒಂದು ಆಜ್ಞೆ ಸಾಕಾಗಿತ್ತು, ಅದನ್ನು ಹೊರಬೇಕಾದವರನ್ನು ಯಾರೂ ಕೇಳಲಿಲ್ಲ.

ಕಾಫಿ ಬೆಟ್ಟಗಳಲ್ಲಿ ಮುಂದಿನ ಕಥೆ

ಕ್ಲೆಗ್‌ಹಾರ್ನ್ ಎತ್ತಿದ ಪ್ರಶ್ನೆಗೆ ಕಾಫಿ ಸೀಮೆ ಬೇಗನೆ ತನ್ನದೇ ಉತ್ತರ ಕಂಡುಕೊಳ್ಳಬೇಕಾಯಿತು. 1860ರ ದಶಕದಲ್ಲಿ ಕೊಡಗು, ಮೈಸೂರು, ವಯನಾಡುಗಳ ತೋಟಗಳಿಗೆ ಕಾಂಡಕೊರಕ ಹುಳು ಬಿತ್ತು. ನೆರಳು ಮರ ಕಡಿದು ಬಿಸಿಲಿಗೆ ಬಿಟ್ಟಿದ್ದ ತೋಟಗಳು ಹೆಚ್ಚು ಹಾಳಾದವು. ಇದರ ತನಿಖೆಗೆ ಮದ್ರಾಸ್ ಸರ್ಕಾರ ಕಳಿಸಿದ ಜಾರ್ಜ್ ಬೈಡಿ ಕೂಡ ಸರ್ಜನ್. 1869ರಲ್ಲಿ ಪ್ರಕಟವಾದ ಆತನ ವರದಿ ಹುಳುವಿನ ಹಾವಳಿಗೂ ನೆರಳಿಲ್ಲದ, ಒಣಗಿದ ತೋಟಗಳಿಗೂ ಇರುವ ಸಂಬಂಧವನ್ನು ತೋರಿಸಿತು. ಮಂಜರಾಬಾದಿನ ಪ್ಲಾಂಟರ್ ರಾಬರ್ಟ್ ಎಲಿಯಟ್ ತನ್ನ ಪುಸ್ತಕಗಳಲ್ಲಿ ನೆರಳನ್ನೇ ಎತ್ತಿ ಹಿಡಿದ. ಹಳೆಯ ಚಿಕ್ಕಮಗಳೂರು ತಳಿಯ ಗಿಡಗಳು ಸೋತ ಕಡೆ ಕೊಡಗಿನ ಬೀಜ ತಂದು ಹೊಸದಾಗಿ ತೋಟ ಮಾಡಿದರು. ಹಿತ್ತಿಲಲ್ಲಿ ದೊಡ್ಡ ಮರದಡಿ ನಾಲ್ಕಾರು ಗಿಡ ಬೆಳೆಯುತ್ತಿದ್ದವರು ಮೊದಲಿನಿಂದ ಬಲ್ಲ ಪಾಠವಿದು. ಇಂದಿಗೂ ಈ ಬೆಟ್ಟಗಳ ಕಾಫಿ ನೆರಳಿನ ಕಾಫಿಯೇ. ಮಳೆಗಾಲಕ್ಕೆ ಮುಂಚೆ ಮರಗಸಿ ಮಾಡಿ ಎಷ್ಟು ಬಿಸಿಲು ಬಿಡಬೇಕು, ಎಷ್ಟು ನೆರಳು ಉಳಿಸಬೇಕೆಂದು ಲೆಕ್ಕ ಹಾಕುವುದು ತೋಟದವರ ವಾರ್ಷಿಕ ಕೆಲಸ. ಬೆಳೆಯ ಮೇಲಿನ ಸಂಶೋಧನೆಗೆ 1925ರಲ್ಲಿ ಬಾಳೆಹೊನ್ನೂರಿನ ಬಳಿ ಕೇಂದ್ರ ಸ್ಥಾಪನೆಯಾಯಿತು.

ಕಾಡಿನ ಪ್ರಶ್ನೆ ಅಲ್ಲಿಗೆ ನಿಲ್ಲಲಿಲ್ಲ. ಭದ್ರೆಯ ಮೇಲುಕಣಿವೆಯಲ್ಲಿ 1976ರಲ್ಲಿ ಸ್ಥಾಪನೆಯಾದ ಸರ್ಕಾರಿ ಕಂಪನಿ ಕುದುರೆಮುಖದ ಕಬ್ಬಿಣದ ಅದಿರು ತೆಗೆಯಿತು. 1987ರಲ್ಲಿ ಸುತ್ತಲಿನ ಕಾಡು ರಾಷ್ಟ್ರೀಯ ಉದ್ಯಾನವಾಗಿ ಘೋಷಣೆಯಾಯಿತು. ಸುಪ್ರೀಂ ಕೋರ್ಟಿನ ತೀರ್ಪಿನಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಹೊಳೆಯ ಹೂಳು, ಒರತೆಯ ನೀರು, ಬೆಟ್ಟದ ನೆತ್ತಿಯ ಹಸಿರು ಈ ಚರ್ಚೆಯಲ್ಲೂ ಮತ್ತೆ ಬಂದವು. ಕಾಡಂಚಿನಲ್ಲಿ ತಲೆಮಾರುಗಳಿಂದ ಇರುವವರ ಹಕ್ಕು ಏನು ಎಂಬ ಪ್ರಶ್ನೆಯೂ ಅದರ ಬೆನ್ನಿಗೇ ಬಂತು.

ಮೌಲ್ಯಮಾಪನ

ಕ್ಲೆಗ್‌ಹಾರ್ನ್ ಬಗ್ಗೆ ಚರಿತ್ರಕಾರರಲ್ಲಿ ಎರಡು ನೋಟಗಳಿವೆ. ರಿಚರ್ಡ್ ಗ್ರೋವ್ 1995ರ ತನ್ನ ಗ್ರಂಥದಲ್ಲಿ, ಪರಿಸರ ರಕ್ಷಣೆಯ ಆಧುನಿಕ ವಿಚಾರಗಳು ಯುರೋಪಿನ ರಾಜಧಾನಿಗಳಿಗಿಂತ ಮೊದಲು ವಸಾಹತುಗಳಲ್ಲಿ, ಅದರಲ್ಲೂ ಕ್ಲೆಗ್‌ಹಾರ್ನ್‌ನಂಥ ವೈದ್ಯ-ಸಸ್ಯಶಾಸ್ತ್ರಜ್ಞರಲ್ಲಿ ಹುಟ್ಟಿದವೆಂದು ವಾದಿಸುತ್ತಾನೆ. ಮಾಧವ ಗಾಡ್ಗೀಳ್ ಮತ್ತು ರಾಮಚಂದ್ರ ಗುಹಾ 1992ರ ತಮ್ಮ ಕೃತಿಯಲ್ಲಿ, ವಸಾಹತು ಸರ್ಕಾರದ ಅರಣ್ಯ ಇಲಾಖೆ ಮೂಲತಃ ಮರ ಮತ್ತು ಆದಾಯಕ್ಕಾಗಿ ಜನರ ಕಾಡನ್ನು ಕಸಿದುಕೊಂಡಿತೆನ್ನುತ್ತಾರೆ. ಕ್ಲೆಗ್‌ಹಾರ್ನ್‌ನ ಬದುಕಿನಲ್ಲಿ ಎರಡಕ್ಕೂ ಪುರಾವೆ ಸಿಗುತ್ತದೆ.

ರೋಗ ಗುರುತಿಸುವಲ್ಲಿ ಈತ ಹೆಚ್ಚಾಗಿ ತಪ್ಪಲಿಲ್ಲ. ಘಟ್ಟದ ನೆತ್ತಿ ಬೋಳಾದರೆ ನೀರಿಗೂ ಮಣ್ಣಿಗೂ ಕೇಡೆಂದು ರೈಲು ಬರುವ ಮೊದಲೇ ಮಲೆನಾಡಿನಲ್ಲಿ ಕಂಡುಕೊಂಡ. ಒಂದೊಂದು ಗಿಡವನ್ನೂ ನಿಂತು ನೋಡುವ ತಾಳ್ಮೆ ಅದಕ್ಕೆ ಬೆನ್ನೆಲುಬು. ಎಡವಿದ್ದು ಮದ್ದು ಕೊಡುವಲ್ಲಿ. ರೈಲು, ಹಡಗು, ಎಸ್ಟೇಟುಗಳ ಪಾಲು ದೊಡ್ಡದಾಗಿದ್ದರೂ ಕಹಿ ಗುಟುಕು ಮೊದಲು ಇಳಿದದ್ದು ಕುಮರಿಯವರ ಗಂಟಲಿಗೆ. ಗಿಡಗಳ ಹೆಸರು ಕೇಳಿ ಬರೆದುಕೊಂಡ ವೈದ್ಯ, ಆ ಗಿಡಗಳ ನಡುವೆ ಬದುಕಿದವರ ಲೆಕ್ಕವನ್ನು ಅಷ್ಟೇ ಶ್ರದ್ಧೆಯಿಂದ ಕೇಳಲಿಲ್ಲ. ಶಿವಮೊಗ್ಗದಲ್ಲಿ ಬರೆಸಿದ ಮಲೆನಾಡಿನ ಹೂಗಳು ಎಡಿನ್‌ಬರೋದ ಕಪಾಟುಗಳಲ್ಲಿ ಬಣ್ಣ ಮಾಸದೆ ಉಳಿದಿವೆ. ಸುಟ್ಟ ಬೆಟ್ಟದ ಬೂದಿಯಲ್ಲಿ ರಾಗಿ ಬಿತ್ತುತ್ತಿದ್ದವರ ಚಿತ್ರ ಆ ಸಸ್ಯಸಂಗ್ರಹದ ವಿಷಯವಾಗಿರಲಿಲ್ಲ.